ಟೀಚರಮ್ಮನಿಗೆ ಹುಳ ಮುಟ್ಟಿದ್ದು

2023ರ ಅಕ್ಟೋಬರ್ ತಿಂಗಳು. ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾಗಿ, ಕೊಪ್ಪದಲ್ಲಿ ಖಾಸಗಿ ಗೈಡ್ ಕೆಲಸ ಹಿಡಿದು ನನಗೆ ನಾಲ್ಕು ವರ್ಷವಾಗಿತ್ತು. ಗೈಡ್ ಅಂದರೆ ಟೋಪಿ ಹಾಕಿಕೊಂಡು ಇಂಗ್ಲಿಷ್ ಮಾತಾಡುವವನು ಅಂದುಕೊಳ್ಳಬೇಡಿ. ನನ್ನ ಬಂಡವಾಳ ಎರಡೇ, ಕಾಲು ಮತ್ತು ಬಾಯಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಗುಡ್ಡ ಹತ್ತಿ ಇಳಿದು ತಂತಿ ಎಳೆದವನು ನಾನು. ಮೊಬೈಲ್ ಬಂದ ಮೇಲೆ ಕಂಬಗಳು ಬಿದ್ದವು, ತಂತಿಯನ್ನು ಯಾರ್ಯಾರೋ ಸುತ್ತಿಕೊಂಡು ಹೋದರು, ದಾರಿಗಳು ಮಾತ್ರ ನನ್ನ ತಲೆಯಲ್ಲಿ ಉಳಿದವು. ಈಗ ಅದನ್ನೇ ಪ್ರವಾಸಿಗರಿಗೆ ತೋರಿಸಿ ಬದುಕುತ್ತಿದ್ದೇನೆ. ನನ್ನ ಹೆಂಡತಿಯ ಪ್ರಕಾರ ಎರಡು ಬಂಡವಾಳದಲ್ಲಿ ಬಾಯಿಯದೇ ಹೆಚ್ಚು ಓಡುತ್ತದೆ.

ಕಥೆಗೆ ಹೋಗುವ ಮೊದಲು ಒಂದು ಪದದ ವಿಚಾರ ಹೇಳಿಬಿಡಬೇಕು. ನಮ್ಮ ಕಡೆ ಕಾಡಿನೊಳಗೆ ಹಾವಿನ ಹೆಸರೆತ್ತುವುದಿಲ್ಲ. ಹೆಸರು ಹಿಡಿದರೆ ಕರೆದ ಹಾಗೆ, ಬಂದೇ ಬರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಹಾಗಾಗಿ ಅದಕ್ಕೆ ‘ಹುಳ’ ಎನ್ನುತ್ತೇವೆ. ಕಚ್ಚಿತು ಎನ್ನುವುದೂ ಇಲ್ಲ, ‘ಹುಳ ಮುಟ್ಟಿತು’ ಎನ್ನುತ್ತೇವೆ. ನಾನು ಮೂಢನಂಬಿಕೆಯವನಲ್ಲ. ಆದರೆ ಕಂಬದ ತುದಿಯಲ್ಲಿ ಕೂತು ಎರಡೂ ಕೈಯಲ್ಲಿ ತಂತಿ ಹಿಡಿದಿದ್ದಾಗ, ಕಂಬದ ಬುಡದಲ್ಲಿ ಅದು ಸುತ್ತಿಕೊಂಡು ಮಲಗಿದ್ದನ್ನು ಮೇಲಿಂದ ನೋಡಿದವನು. ಅಂಥ ಹೊತ್ತಿನಲ್ಲಿ ವಿಚಾರವಾದ ಮಾಡುತ್ತಾ ಕೂರುವುದಕ್ಕೆ ಆಗುವುದಿಲ್ಲ. ನನ್ನ ಹೆಸರೇ ನಾಗಪ್ಪ ಎನ್ನುವುದು ಬೇರೆ ಮಾತು, ಅದನ್ನು ಇಟ್ಟವನು ನಾನಲ್ಲ.

ಆ ಅಕ್ಟೋಬರಿನಲ್ಲಿ ಬಾಗಲಕೋಟೆ ಕಡೆಯಿಂದ ಇಬ್ಬರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯರು ಬಂದರು. ಒಬ್ಬರು ನೀಲಮ್ಮ, ಇನ್ನೊಬ್ಬರು ಅವರ ಸ್ನೇಹಿತೆ ಶಾಂತಮ್ಮ. ನೀಲಮ್ಮ ಮಾತಾಡುತ್ತಾರೆ, ಶಾಂತಮ್ಮ ಹೂಂ ಅನ್ನುತ್ತಾರೆ. ಶಾಲೆಯಲ್ಲೂ ಹೀಗೇ ನಡೆದಿರಬೇಕು. ನಮ್ಮ ಜೀಪು ಓಡಿಸುವವನು ನರಸಿಂಹರಾಜಪುರದ ಅನ್ವರ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಆದರೆ ಬುದ್ಧಿ ಹೇಳುವುದರಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವನು.

ಬೆಳಿಗ್ಗೆ ಹರಿಹರಪುರದಲ್ಲಿ ಚಹಾಕ್ಕೆ ಇಳಿದಾಗ ನೀಲಮ್ಮ ತಮ್ಮ ಕಥೆ ಹೇಳಿದರು.

“ಮೂವತ್ತು ವರ್ಷ ಹುಡುಗೂರ ಕೈಲೆ ನಕ್ಷೆಗೆ ಬಣ್ಣ ಹಚ್ಚಿಸೀನ್ರಿ. ಪಶ್ಚಿಮ ಘಟ್ಟಕ್ಕ ಕಂದು ಬಣ್ಣ ಹಚ್ರಿ ಅಂತಿದ್ದೆ. ನೋಡಿದ್ರ ಇಲ್ಲಿ ಎಲ್ಲಾ ಹಸರು. ಮೂವತ್ತು ವರ್ಷ ತಪ್ಪ ಹಚ್ಚಿಸೀನಿ ನೋಡ್ರಿ.”

“ಹೂಂ,” ಅಂದರು ಶಾಂತಮ್ಮ.

ನೀಲಮ್ಮ ಮನೆಯವರಿಲ್ಲದೆ ಊರು ಬಿಟ್ಟು ಹೊರಟಿದ್ದು ಅದೇ ಮೊದಲು. ಮಗ ಸಂಗಮೇಶ ಊರಲ್ಲಿ ಗೊಬ್ಬರ ಮತ್ತು ಕ್ರಿಮಿನಾಶಕದ ಅಂಗಡಿ ಇಟ್ಟಿದ್ದಾನೆ. ತಾಯಿಯ ಮೇಲೆ ಜೀವ, ಹಾಗಾಗಿಯೇ ಹೊಸ್ತಿಲು ದಾಟುವುದಕ್ಕೂ ಬಿಡದವನು. ಮೂರು ತಿಂಗಳು ಗುದ್ದಾಡಿ ಒಪ್ಪಿಸಿದ್ದರಂತೆ. ಅವನು ಒಂದು ಷರತ್ತು ಹಾಕಿ ಕಳಿಸಿದ್ದ.

“ಸಣ್ಣ ತ್ರಾಸ ಆದ್ರೂ ಇದ ಕಡೀ ಪ್ರವಾಸ, ಆಮ್ಯಾಲೆ ಮನ್ಯಾಗ ಕುಂದ್ರಬೇಕು ಅಂದಾನ್ರಿ. ನಂದು ಇನ್ನೂ ಸಮುದ್ರ ನೋಡೂದೈತಿ, ಹಿಮಾ ನೋಡೂದೈತಿ. ಅದಕ್ಕ ನನ್ನ ಜ್ವಾಕಿ ಮಾಡಿ ವಾಪಸ್ ಕಳಸ್ರಿ ನಾಗಪ್ಪನವರ.”

ಆ ಮಾತನ್ನು ಅವರು ನಗುತ್ತಲೇ ಹೇಳಿದರು, ಆದರೆ ಕಣ್ಣು ನಗಲಿಲ್ಲ. ನನ್ನ ಜೊತೆ ಬಂದವರಿಗೆ ನಾಲ್ಕು ವರ್ಷದಲ್ಲಿ ಒಂದು ಮುಳ್ಳೂ ಚುಚ್ಚಿಲ್ಲ, ನಿಶ್ಚಿಂತೆಯಿಂದಿರಿ ಎಂದು ಭರವಸೆ ಕೊಟ್ಟೆ. ಹೀಗೆಲ್ಲ ಭರವಸೆ ಕೊಡಬಾರದು ಎಂದು ಅನ್ವರ್ ಚಹಾದ ಲೋಟದ ಮೇಲಿಂದಲೇ ಕಣ್ಣು ಬಿಟ್ಟ.

ಶೃಂಗೇರಿಯಲ್ಲಿ ದೇವಿಯ ದರ್ಶನ ಮುಗಿಸಿ, ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ನೆಮ್ಮಾರಿನ ದಾರಿ ಹಿಡಿದೆವು. ಅಲ್ಲಿಂದ ಮುಂದೆ ರಾಷ್ಟ್ರೀಯ ಉದ್ಯಾನದ ಕಾಡು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ವಯಸ್ಸಾದವರಿಗೆ ಆ ಏರು ಕಷ್ಟವೂ ಹೌದು. ನಾನು ಅಂಥವರನ್ನು ಕಾಡಿನ ಅಂಚಿನ ಹಳೆಯ ಕಂಬದ ಸಾಲಿನಲ್ಲಿ ಒಂದು ಹಳ್ಳದವರೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ಶಿಖರಗಳ ಸಾಲು ಪೂರ್ತಿ ಕಾಣುತ್ತದೆ.

ಜೀಪಿನಿಂದ ಇಳಿದ ಕೂಡಲೇ ನಾನು ಎರಡು ಎಚ್ಚರಿಕೆ ಕೊಡುವುದು ರೂಢಿ. ಮೊದಲನೆಯದು ಉಂಬಳದ್ದು. ಮಳೆಗಾಲ ಮುಗಿದರೂ ಒದ್ದೆ ತರಗೆಲೆಯಲ್ಲಿ ಉಂಬಳ ಇರುತ್ತದೆ. ನೆಲದ ಜಿಗಣೆ, ನೋವಿಲ್ಲದೆ ಹತ್ತಿ ರಕ್ತ ಹೀರುವ ಜೀವಿ. ಹೊಗೆಸೊಪ್ಪು, ಸುಣ್ಣ ಕಲಸಿದ ಎಣ್ಣೆಯ ಸೀಸೆ ಕೊಟ್ಟು ಹೇಳಿದೆ.

“ಕಾಲಿಗೆ ಹಚ್ಕೊಳ್ಳಿ ಟೀಚರಮ್ಮ, ಇಲ್ದಿದ್ರೆ ಉಂಬಳ ಹತ್ತುತ್ತೆ.”

“ಉಂಬಳಿ?” ಅಂದರು ನೀಲಮ್ಮ. “ರಾಜರು ಇನಾಮ ಕೊಡ್ತಿದ್ರಲ್ಲ, ಆ ಉಂಬಳಿನಾ?”

ನನಗೆ ತಮಾಷೆ ಅನ್ನಿಸಿತು. “ಹೌದಮ್ಮ. ಒಂದ್ಸಲ ಹತ್ತಿದ್ರೆ ಹೊಟ್ಟೆ ತುಂಬೋವರೆಗೂ ಬಿಡೋದಿಲ್ಲ.”

“ಉಂಬಳಿ ಉಂಡವರೆಲ್ಲಾ ಹಂಗ ನೋಡ್ರಿ,” ಎಂದು ಅವರು ನಕ್ಕರು. ಉಂಬಳ ಅಂದರೆ ಅವರಿಗೆ ಗೊತ್ತಿದೆ ಎಂದು ನಾನು ತಿಳಿದುಕೊಂಡೆ. ಇದು ಯಾವುದೋ ಕಾಡಿನ ತುರಿಕೆಯ ಹೆಸರು, ಗೈಡಿಗೆ ಸ್ವಲ್ಪ ಹಾಸ್ಯಪ್ರಜ್ಞೆ ಇದೆ ಎಂದು ಅವರು ತಿಳಿದುಕೊಂಡರು. ಎಣ್ಣೆಯಲ್ಲಿ ತಂಬಾಕಿದೆ ಎಂದು ವಾಸನೆಯಲ್ಲೇ ಗೊತ್ತಾಗಿ, ತಾವು ಮುಟ್ಟದೆ ಸೀಸೆಯನ್ನು ಸುಮ್ಮನೆ ಶಾಂತಮ್ಮನಿಗೆ ದಾಟಿಸಿದರು. ಶಾಂತಮ್ಮ ಇಬ್ಬರ ಪಾಲನ್ನೂ ತಾವೇ ಹಚ್ಚಿಕೊಂಡರು. ಇದೆಲ್ಲ ನನಗೆ ತಿಳಿದದ್ದು ಸಂಜೆ.

ಎರಡನೆಯ ಎಚ್ಚರಿಕೆ ಕೊಡುವಾಗ ನಾನು ದನಿ ತಗ್ಗಿಸುತ್ತೇನೆ.

“ದಾರಿಯಲ್ಲಿ ಹುಳ ಇರ್ತವೆ. ನೋಡಿ ಕಾಲಿಡಿ.”

“ಹುಳಕ್ಕ ಯಾರ ಅಂಜ್ತಾರ್ರಿ?” ಅಂದರು ನೀಲಮ್ಮ. “ನಮ್ಮ ಬದನಿ ಹೊಲದಾಗ ದಿನಾ ಹತ್ತಿಪ್ಪತ್ತು ಸಿಗತಾವು. ಕೈಲೇ ಹಿಡದು ಡಬ್ಬಿಗೆ ಹಾಕತೀನಿ.”

ನಾನು ಅನ್ವರನ ಮುಖ ನೋಡಿದೆ. ಅನ್ವರ್ ನನ್ನ ಮುಖ ನೋಡಿದ. “ಡಬ್ಬಿಗಾ?” ಅಂದ ಅವನು, ಮೆಲ್ಲಗೆ.

“ಮತ್ತ? ಕೋಳಿಗೆ ಹಾಕಿದ್ರ ತಿಂತಾವು.”

ಬಯಲುಸೀಮೆಯ ಹೆಣ್ಣುಮಕ್ಕಳು ಗಟ್ಟಿ ಎಂದು ಕೇಳಿದ್ದೆ, ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ. ಅವರ ಕೋಳಿಗಳ ಬಗ್ಗೆಯೂ ನನಗೆ ಗೌರವ ಬಂತು. ಅನ್ವರ್ ಮಾತ್ರ “ಇವರ ಹತ್ರ ಹುಷಾರಾಗಿರಿ ಮಾರಾಯ್ರೆ” ಎಂದು ನನ್ನ ಕಿವಿಯಲ್ಲಿ ಉಸುರಿದ.

ಹಳ್ಳ ತಲುಪಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ ಅವರದೇ. ಊಟವಾದ ಮೇಲೆ ಅವರಿಬ್ಬರನ್ನು ಮರದಡಿ ಕೂರಿಸಿ, ಆಚೆ ದಡದ ಬಂಡೆ ಜಾರುತ್ತದೋ ಹೇಗೆ ನೋಡೋಣ ಎಂದು ನಾನು ಹಳ್ಳ ದಾಟಿದೆ. ಅನ್ವರ್ ಜೀಪಿನ ಹತ್ತಿರವೇ ಇದ್ದ. ಆಗ ಶಾಂತಮ್ಮನ ದನಿ ಕೇಳಿಸಿತು. ದಿನವಿಡೀ ಹೂಂ ಬಿಟ್ಟು ಬೇರೆ ಮಾತಾಡದವರು ಕೂಗಿದ್ದರಿಂದಲೇ ನಾನು ತಟ್ಟನೆ ತಿರುಗಿದೆ.

“ನಾಗಪ್ಪನವರ, ನೀಲಾಗ ಹುಳಾ ಕಡದೈತ್ರಿ.”

ಹಳ್ಳವನ್ನು ಹೇಗೆ ದಾಟಿದೆನೋ ಗೊತ್ತಿಲ್ಲ. ನೀಲಮ್ಮ ಕಲ್ಲಿನ ಮೇಲೆ ಆರಾಮಾಗಿ ಕೂತು ಕಾಲು ತೊಳೆಯುತ್ತಿದ್ದರು. ಹಿಮ್ಮಡಿಯ ಮೇಲೆ ಅಕ್ಕಪಕ್ಕ ಎರಡು ಗಾಯ. ಎರಡರಿಂದಲೂ ರಕ್ತ ಸುರಿಯುತ್ತಲೇ ಇತ್ತು, ನೀರು ಹಾಕಿದರೂ ನಿಲ್ಲುತ್ತಿರಲಿಲ್ಲ. ಕೊಳಕುಮಂಡಲದ ಜಾತಿಯದು ಮುಟ್ಟಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು.

“ಎಂತ ಹುಳ? ಕಂಡ್ರಾ?”

“ಕರೇ ಹುಳಾ ರೀ. ಇಷ್ಟುದ್ದ,” ಎಂದು ಅವರು ಕಿರುಬೆರಳು ತೋರಿಸಿದರು.

ಮರಿ. ಮರಿಯ ವಿಷ ಇನ್ನೂ ಕೆಟ್ಟದ್ದು ಎಂದು ಕೇಳಿದ್ದೆ. “ಎಲ್ಲಿ ಹೋಯ್ತು?”

“ಕಿತ್ತಿ ಒಗದೆ. ಇನ್ನೊಂದು ತಾನ ಬಿತ್ತು.”

“ಎರಡಾ?”

“ಎರಡ.”

ಉಂಬಳ ಇರಬಹುದೇ ಎಂದು ನನಗೆ ಯಾಕೆ ಹೊಳೆಯಲಿಲ್ಲ ಎಂದು ನೀವು ಕೇಳುತ್ತೀರಿ, ಅನ್ವರನೂ ಈಗಲೂ ಕೇಳುತ್ತಾನೆ. ಸ್ವಾಮಿ, ಎಣ್ಣೆ ಹಚ್ಚಿಸಿದ್ದೆ. ಹೆಸರು ಹೇಳಿ ತಿಳಿಸಿದ್ದೆ, ಅವರು ನಕ್ಕು ಒಪ್ಪಿದ್ದರು. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರೇ ಆಗಲಿ ಉಂಬಳಕ್ಕೆ ಹುಳ ಎನ್ನುವುದಿಲ್ಲ. ಡಬ್ಬಿಯಲ್ಲಿ ಹುಳ ಹಿಡಿಯುವ ಹೆಂಗಸು ತಾನೇ ಹುಳ ಎಂದ ಮೇಲೆ ನಾನು ಇನ್ನೇನು ತಿಳಿದುಕೊಳ್ಳಬೇಕಿತ್ತು?

ಇಲಾಖೆಯಲ್ಲಿದ್ದಾಗ ನಮಗೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟಿದ್ದರು. ಕುಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಮುಟ್ಟಿದ ಕಾಲನ್ನು ಅಲುಗಾಡಿಸಬಾರದು, ರೋಗಿಯನ್ನು ನಡೆಸಬಾರದು. ಕೋಲಿಟ್ಟು ಪಂಚೆಯ ಬಟ್ಟೆಯಲ್ಲಿ ಕಾಲನ್ನು ಸಡಿಲವಾಗಿ ಕಟ್ಟಿ, ಅನ್ವರನನ್ನು ಕೂಗಿ ಕರೆದೆ. ಇಬ್ಬರೂ ಕೈಗೆ ಕೈ ಹೆಣೆದು ಕುರ್ಚಿ ಮಾಡಿ ಅವರನ್ನು ಎತ್ತಿದೆವು. ನೀಲಮ್ಮ ಒಳ್ಳೆಯ ರೊಟ್ಟಿ ತಿಂದು ಬೆಳೆದ ಶರೀರದವರು.

“ಅಯ್ಯ, ಇಳಸ್ರಿ. ನಾ ನಡೀತೀನಿ.”

“ಮಾತಾಡ್ಬೇಡಿ ಟೀಚರಮ್ಮ. ಮಾತಾಡಿದ್ರೆ ರಕ್ತ ಓಡುತ್ತೆ.”

ಸ್ವಲ್ಪ ದೂರ ಹೋದ ಮೇಲೆ ಅವರು ಹಿಂದೆ ಬರುತ್ತಿದ್ದ ಶಾಂತಮ್ಮನ ಕಡೆ ತಿರುಗಿ, “ಶಾಂತಾ, ಇದೂ ಪ್ಯಾಕೇಜಿನ್ಯಾಗ ಐತೇನು?” ಎಂದು ಕೇಳಿದರು. ಸಾವಿನ ಬಾಯಲ್ಲೂ ತಮಾಷೆ ಮಾಡುತ್ತಾರಲ್ಲ ಎಂದುಕೊಂಡು ನಾನು ಹೆಜ್ಜೆ ಚುರುಕು ಮಾಡಿದೆ. ಅನ್ವರನ ಕಣ್ಣಲ್ಲಿ ನೀರಿತ್ತು, ಅದು ಭಾರಕ್ಕೂ ಇರಬಹುದು.

ಜೀಪಿನಲ್ಲಿ ಇನ್ನೊಂದು ಕಷ್ಟ ಶುರುವಾಯಿತು. ಮಧ್ಯಾಹ್ನದ ಊಟವಾಗಿತ್ತು, ಬೆಳಿಗ್ಗೆ ಬೇಗ ಎದ್ದಿದ್ದರು, ನೀಲಮ್ಮನ ಕಣ್ಣು ಎಳೆಯತೊಡಗಿತು. ವಿಷ ಏರಿದರೆ ರೆಪ್ಪೆ ಜೋತುಬೀಳುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. “ಮಲಗಿಸಬೇಡಿ ಮಾರಾಯ್ರೆ, ಏನಾದ್ರೂ ಕೇಳ್ತಾ ಇರಿ,” ಎಂದು ಅನ್ವರ್ ಸ್ಟೇರಿಂಗ್ ಮೇಲಿಂದ ಕಿರುಚಿದ. ಏನು ಕೇಳುವುದು? ಹದಿನೇಳರ ಮಗ್ಗಿ ಹೇಳಿ ಟೀಚರಮ್ಮ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು, ಆದರೂ ಹೇಳಿದರು. ಹತ್ತೊಂಬತ್ತರದ್ದು ಹೇಳಿ ಎಂದೆ. ಅದನ್ನೂ ಹೇಳಿ, “ಈಗ ನೀವು ಹೇಳ್ರಿ” ಅಂದರು. ಶೃಂಗೇರಿಯ ರಸ್ತೆಯಲ್ಲಿ ಆ ಹೊತ್ತಿಗೆ ಎದುರಾದವರಿಗೆ ನಾನು ಹತ್ತೊಂಬತ್ತರ ಮಗ್ಗಿಯಲ್ಲಿ ತಪ್ಪಿ ಬೈಸಿಕೊಂಡದ್ದು ಕೇಳಿಸಿರಬೇಕು.

ಆ ದಾರಿಯಲ್ಲಿ ಯಾವ ತಿರುವಿನಲ್ಲಿ ಎಷ್ಟು ಕಡ್ಡಿ ಸಿಗ್ನಲ್ ಸಿಗುತ್ತದೆ ಎಂದು ನನಗೆ ಬಾಯಿಪಾಠ. ಮೂರು ಕಡ್ಡಿಯ ತಿರುವಿನಲ್ಲಿ ಜೀಪು ನಿಲ್ಲಿಸಿ ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿ, ಎದುರಿಗೆ ಬರಲು ಹೇಳಿದೆ. ಎರಡನೆಯ ಫೋನು ಮಗನಿಗೆ. ತುರ್ತು ಸಂದರ್ಭಕ್ಕೆಂದು ಬೆಳಿಗ್ಗೆಯೇ ನಂಬರ್ ತೆಗೆದುಕೊಂಡಿದ್ದೆ. ಜೀಪಿನಿಂದ ದೂರ ಹೋಗಿ, ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ.

“ಸಾರ್, ಕೊಪ್ಪದಿಂದ ನಾಗಪ್ಪ. ಧೈರ್ಯ ತಂದ್ಕೊಳ್ಳಿ. ಹುಳ ಮುಟ್ಟಿದೆ.”

ಅತ್ತ ಅಂಗಡಿಯ ಗದ್ದಲ. “ಹುಳಾ ಬಿದ್ದೈತೇನ್ರಿ? ಎಲಿ ತಿನ್ನೂದೋ, ಕಾಯಿ ಕೊರಿಯೂದೋ? ಎಷ್ಟ ಎಕರೆ?”

“ಎಕರೆ ಅಲ್ಲ ಸಾರ್. ನಿಮ್ಮ ತಾಯಿಗೆ. ಕಾಲಿಗೆ.”

“ಓ, ಅವ್ವಗ ಹುಳಾ ಕಡದೈತೇನು? ಚೂರು ಸುಣ್ಣ ಹಚ್ರಿ. ಗಿರಾಕಿ ಅದಾರ, ಸಂಜಿಗೆ ಮಾಡ್ತೀನಿ,” ಎಂದು ಇಟ್ಟುಬಿಟ್ಟ.

ನನ್ನ ಮೈ ಉರಿದುಹೋಯಿತು. ಹೆತ್ತ ತಾಯಿಗೆ ಎರಡು ಹುಳ ಮುಟ್ಟಿ ರಕ್ತ ಹರಿಯುತ್ತಿದೆ, ಈ ಮಹಾನುಭಾವ ಸುಣ್ಣ ಹಚ್ಚಲು ಹೇಳುತ್ತಾನೆ. ತಾಯಿ ಹುಳ ಹಿಡಿದು ಡಬ್ಬಿಗೆ ಹಾಕುವವಳಾದರೆ ಮಗ ಹೀಗೇ ತಯಾರಾಗುವುದು. ಜೀಪಿಗೆ ಬಂದು ನೀಲಮ್ಮನ ಕೈ ಹಿಡಿದು, “ಯಾರಿಲ್ಲದಿದ್ರೂ ನಾವಿದ್ದೇವೆ ಅಮ್ಮ” ಎಂದೆ. ಅವರು ಇಪ್ಪತ್ಮೂರರ ಮಗ್ಗಿಯಲ್ಲಿದ್ದರು, ತಲೆ ಎತ್ತಲಿಲ್ಲ.

ದಾರಿಯಲ್ಲಿ ಆಂಬುಲೆನ್ಸ್ ಸಿಕ್ಕಿತು. ಅಲ್ಲಿಂದ ಶೃಂಗೇರಿಯ ಆಸ್ಪತ್ರೆಗೆ. ಆಂಬುಲೆನ್ಸಿಗೆ ಹತ್ತಿಸುವಾಗ ಮಾತ್ರ ನೀಲಮ್ಮನಿಗೆ ಸಂಶಯ ಬಂತು. “ಇದು ಭಾಳ ಆತ್ರಿ ನಾಗಪ್ಪನವರ,” ಅಂದರು. ನಾನು ಕೇಳಿಸದವನ ಹಾಗೆ ಬಾಗಿಲು ಹಾಕಿದೆ.

ಡ್ಯೂಟಿಯಲ್ಲಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ಮೈಸೂರು ಕಡೆಯ ಹುಡುಗಿ. ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು ಅಲುಗಾಡಿಸದೆ ನಿಲ್ಲಿಸಿದರು. ಇಪ್ಪತ್ತು ನಿಮಿಷದಲ್ಲಿ ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದು ಅರ್ಥವಂತೆ. ನಾನು ಆ ನಳಿಕೆಯನ್ನೇ ನೋಡುತ್ತಾ ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತೆ. ಡಾಕ್ಟರು ನೀಲಮ್ಮನ ಹತ್ತಿರ ಕೂತು ಕೇಳಿದರು.

“ಯಾವ ಹಾವು ಅಂತ ಗೊತ್ತಾಯ್ತಾ ಅಮ್ಮ?”

“ಹಾವು? ಯಾವ ಹಾವ್ರಿ?”

“ನಿಮಗೆ ಕಚ್ಚಿದ ಹಾವು.”

“ನನಗ ಯಾಕ ಹಾವು ಕಡೀತೈತ್ರಿ? ಹುಳಾ ಕಡದೈತಿ. ಕರೇ ಹುಳಾ, ರಬ್ಬರಿನಂಗ ಜಗ್ಗತಿತ್ತು.”

ಡಾಕ್ಟರು ಬಗ್ಗಿ ಗಾಯ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. “ಇದು ಉಂಬಳ ಅಲ್ವಾ ಗೈಡ್ ಸಾರ್?” ಅಂದರು. ಉಂಬಳ ಕಚ್ಚಿದ ಜಾಗದಲ್ಲಿ ಮಾತ್ರ ರಕ್ತ ನಿಲ್ಲುವುದಿಲ್ಲ, ಒಳಗೇನೂ ಆಗುವುದಿಲ್ಲ ಎಂದು ವಿವರಿಸಿದರು. ನಾಲ್ಕು ವರ್ಷದಿಂದ ಇದೇ ವಿವರಣೆಯನ್ನು ನಾನು ಪ್ರವಾಸಿಗರಿಗೆ ಕೊಡುತ್ತಾ ಬಂದಿದ್ದೇನೆ. ನಳಿಕೆಯ ರಕ್ತ ಚೆನ್ನಾಗಿ ಹೆಪ್ಪುಗಟ್ಟಿ ಕೂತಿತ್ತು. ಬಾಗಿಲ ಹತ್ತಿರ ಅನ್ವರ್ ಗೋಡೆಗೆ ಮುಖ ಮಾಡಿ ನಿಂತ, ಹೆಗಲು ಕುಣಿಯುತ್ತಿತ್ತು.

“ನೀವೇ ಹುಳ ಅಂದ್ರಲ್ಲ ಟೀಚರಮ್ಮ,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಹುಳಾ ಅಂದ್ರ ಹುಳಾ. ನಿಮ್ಮ ಕಡೆ ಏನಂತೀರಿ?”

ಆಸ್ಪತ್ರೆಯೊಳಗೆ ಕಾಡಿಲ್ಲವಲ್ಲ, ಹಾಗಾಗಿ ಬಾಯಿ ಬಿಟ್ಟೆ. “ನಮ್ಮ ಕಡೆ ಹುಳ ಅಂದ್ರೆ ಹಾವಮ್ಮ.”

ನೀಲಮ್ಮ ಬೆರಳು ಮಡಿಸತೊಡಗಿದರು. ಲೆಕ್ಕ ಹಾಕುತ್ತಿದ್ದರು. “ಹಂಗಾರ ಮುಂಜಾನೆ ದಾರ್ಯಾಗ ಹುಳಾ ಇರತಾವು, ನೋಡಿ ಕಾಲಿಡ್ರಿ ಅಂದ್ರಲ್ಲ, ಅವು?”

“ಅವೇ.”

“ನಾ ಕುಂತಿದ್ದ ಕಲ್ಲಿನ ಬಾಜೂ ಎಲಿಯೊಳಗ ಏನೋ ಸರಸರ ಅಂತು. ಹುಳಾ ಇರಬೇಕು ಬಿಡು ಅಂದೆ ಶಾಂತಾಗ.”

“ಹೂಂ,” ಅಂದರು ಶಾಂತಮ್ಮ, ಮತ್ತು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ನೀಲಮ್ಮನ ಮುಖ ಬಿಳುಚಿತು, ಹಣೆಯಲ್ಲಿ ಬೆವರು ಒಡೆಯಿತು. ದಿನವಿಡೀ ಏನೂ ಆಗದಿದ್ದ ಹೆಂಗಸಿಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಬಿ.ಪಿ. ಏರಿತು. ಡಾಕ್ಟರು ಮಲಗಿಸಿ ಒಂದು ಮಾತ್ರೆ ಕೊಟ್ಟರು. ಆ ದಿನ ಅವರಿಗೆ ನಿಜವಾಗಿ ಬೇಕಾದ ಚಿಕಿತ್ಸೆ ಅದೊಂದೇ.

ಚೇತರಿಸಿಕೊಂಡ ಮೇಲೆ ಅವರು ನನ್ನನ್ನು ಹತ್ತಿರ ಕರೆದರು. “ನಾಗಪ್ಪನವರ, ಆಂಬುಲೆನ್ಸು, ದವಾಖಾನಿ ಇದೆಲ್ಲಾ ನನ್ನ ಮಗಗ ಗೊತ್ತಾಗಬಾರದ್ರಿ. ಗೊತ್ತಾದ್ರ ಮುಗೀತು.”

“ಫೋನ್ ಮಾಡಿ ಆಗಿದೆ ಅಮ್ಮ.”

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಿಟಕಿಯ ಕಡೆ ತಿರುಗಿ, ಅಲ್ಲಿ ಕಾಣುತ್ತಿದ್ದ ಗುಡ್ಡದ ತುಂಡನ್ನೇ ನೋಡುತ್ತಾ ಮಲಗಿದರು. ಇನ್ನು ನೋಡಲಿಕ್ಕೆ ಸಿಗುವುದಿಲ್ಲವೇನೋ ಎನ್ನುವ ಹಾಗೆ ನೋಡಿದರು.

ಸಂಜೆ, ನಾವು ಹೊರಡಲು ಎದ್ದಾಗ ನನ್ನ ಫೋನು ಬಡಿದುಕೊಂಡಿತು. ಸಂಗಮೇಶ. ನೀಲಮ್ಮ ಕೈಸನ್ನೆ ಮಾಡಿದರು, ಸ್ಪೀಕರ್ ಹಾಕಿದೆ. ಸುಳ್ಳು ಹೇಳಬಾರದು, ನಿಜವನ್ನೂ ಹೇಳಬಾರದು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಒಂದು ಒಳ್ಳೆಯ ಪದ ಬೇಕಾಗುತ್ತದೆ.

“ಅವ್ವ ಹೆಂಗದಾಳ್ರಿ? ಏನ ಕಡದಿತ್ತು?”

“ಹುಳ, ಸಾರ್,” ಎಂದೆ.

“ಸುಣ್ಣ ಹಚ್ಚಿದ್ರೇನು?”

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮಧ್ಯಾಹ್ನದ ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಬಾಯಿ ತಾನೇ ಓಡಿತು. “ಸುಣ್ಣ ಅಲ್ಲ ಸಾರ್. ನೆಲಕ್ಕೆ ಕಾಲಿಡದ ಹಾಗೆ ಎತ್ಕೊಂಡು ಬಂದ್ವಿ. ಆಂಬುಲೆನ್ಸ್ ತರಿಸಿದ್ವಿ. ಡಾಕ್ಟರು ರಕ್ತ ಪರೀಕ್ಷೆ ಮಾಡಿದ್ದಾರೆ. ಏನೂ ತೊಂದ್ರೆ ಇಲ್ಲ.”

ನೀಲಮ್ಮ ಕಣ್ಣು ಮುಚ್ಚಿಕೊಂಡರು. ಆ ಕಡೆ ಅಂಗಡಿಯ ಗದ್ದಲ ದೂರವಾಯಿತು, ಸಂಗಮೇಶ ಹೊರಗೆ ಬಂದಿರಬೇಕು.

“ಹುಳಾ ಕಡದದ್ದಕ್ಕ?” ಎಂದು ಕೇಳಿದ.

“ಹುಳ ಮುಟ್ಟಿದ್ದಕ್ಕೆ.”

“ಬರೇ ಹುಳಾ ಕಡದದ್ದಕ್ಕ ಆಂಬುಲೆನ್ಸ್ ತರಿಸಿದ್ರಿ?” ಅವನ ದನಿ ಬೇರೆಯಾಗಿತ್ತು. “ನಾನೂ ಇಷ್ಟು ಮಾಡ್ತಿದ್ದಿಲ್ಲ ನೋಡ್ರಿ. ಮೂರು ದಿನ ನಿದ್ದಿ ಇಲ್ಲ ನನಗ, ಅವ್ವ ಯಾರ ಕೈಯಾಗ ಅದಾಳೋ ಅಂತ. ಇನ್ನ ಮುಂದ ಆಕಿ ಎಲ್ಲಿ ಹೋಗ್ತೀನಿ ಅಂದ್ರೂ ಹೋಗಲಿ. ಆದ್ರ ನಿಮ್ಮ ಕೂಡ ಹೋಗಬೇಕು.”

ನೀಲಮ್ಮ ಕಣ್ಣು ಬಿಟ್ಟರು. ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು, ಅತ್ತರು, ಯಾವುದು ಎಷ್ಟು ಎಂದು ಹೇಳಲಾರೆ. ಶಾಂತಮ್ಮ ಕೂಡ ಅಂದು ಹೂಂ ಬಿಟ್ಟು ಎರಡನೆಯ ಸಲ ಬಾಯಿ ತೆರೆದರು. “ಸಮುದ್ರಕ್ಕ ಯಾವಾಗ ಹೋಗೂದ್ರಿ?” ಎಂದು ಕೇಳಿದರು.

ಈ ವೃತ್ತಿ ನನಗೆ ಕಲಿಸಿದ ಪಾಠ ಇಷ್ಟೇ. ಬೇರೆ ಭಾಷೆಯವರು ಬಂದರೆ ಗೈಡಿಗೆ ಅಂಥ ಅಪಾಯವಿಲ್ಲ. ಅರ್ಥವಾಗಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿರುತ್ತದೆ, ಕೈಸನ್ನೆ ಮಾಡಿ ಸುಧಾರಿಸಬಹುದು. ಅಪಾಯ ಇರುವುದು ನಮ್ಮದೇ ಭಾಷೆಯವರು ಬಂದಾಗ, ಎಲ್ಲ ಅರ್ಥವಾಯಿತು ಎಂದು ಎರಡೂ ಕಡೆಯವರು ತಲೆಯಾಡಿಸಿದಾಗ. ಈಗ ನಾನು ಊರಿನಲ್ಲೇ, ಜೀಪಿನ ಬಾಗಿಲು ಹಾಕಿಕೊಂಡು, ಹುಳದ ನಿಜವಾದ ಹೆಸರನ್ನು ಒಂದೇ ಒಂದು ಸಲ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಹೇಳಿದ ದಿನ ಕಂಬದ ಸಾಲಿನಲ್ಲಿ ಅದು ಕಂಡರೆ ಅನ್ವರ್ ನನ್ನನ್ನು ಬೈಯುತ್ತಾನೆ.

ಸಮುದ್ರಕ್ಕೆ ಮರುವರ್ಷ ಹೋಗಿ ಬಂದೆವು. ಅದರ ಮುಂದಿನ ಅಕ್ಟೋಬರಿನಲ್ಲಿ ನೀಲಮ್ಮ ಇನ್ನೂ ನಾಲ್ಕು ಜನ ನಿವೃತ್ತ ಟೀಚರುಗಳನ್ನು ಕಟ್ಟಿಕೊಂಡು ನೆಮ್ಮಾರಿಗೆ ಬಂದರು. ನಾನು ಎಣ್ಣೆಯ ಸೀಸೆ ತೆಗೆಯುವಷ್ಟರಲ್ಲಿ ಅವರೇ ನಾಲ್ವರನ್ನೂ ಜೀಪಿನ ಮುಂದೆ ಸಾಲಾಗಿ ನಿಲ್ಲಿಸಿ ಪಾಠ ಶುರು ಮಾಡಿದ್ದರು.

“ಲಕ್ಷ್ಯ ಕೊಟ್ಟು ಕೇಳ್ರಿ. ಇಲ್ಲಿ ಉಂಬಳ ಅಂದ್ರ ಹುಳಾ, ಹುಳಾ ಅಂದ್ರ ಹಾವು. ಯಾವುದು ಕಡದ್ರೂ ಮೊದಲ ನಾಗಪ್ಪನವರಿಗೆ ನೆಟ್ಟಗ ಹೇಳ್ರಿ. ಮನೀಗೆ ಫೋನ್ ಮಾಡಾಕ ಮಾತ್ರ, ಯಾವುದು ಕಡದ್ರೂ ಹುಳಾ ಅಂತ ಹೇಳ್ರಿ.”